ಖಾಲಿ ಸೀಟಿನ ವಿಮೆ

"ಮೊದ್ಲು ಆ ಪೇಪರ್ ತೆಗೀರಿ!"

"ಅದು ನಿಮಗೋಸ್ಕರಾನೇ ಹಾಕಿರೋದಮ್ಮ."

"ನಮಗೋಸ್ಕರಾನೋ, ಕುರ್ಚಿಗೋಸ್ಕರಾನೋ?"

"ಕುರ್ಚಿ ಹೊಸದು. ಬಟ್ಟೆ ಸೀಟು. ಸ್ವಲ್ಪ ಅರ್ಥ ಮಾಡ್ಕೊಳ್ಳಿ."

"ನಾವು ಉಟ್ಟಿರೋದೂ ಬಟ್ಟೇನೇ. ಒಗೆದು ಉಟ್ಕೊಂಡು ಬಂದಿದೀವಿ. ಈಗ ಎದ್ದು ಹೋದ್ರಲ್ಲ ಒಬ್ರು ದಪ್ಪನೆಯವರು, ಅವರಿಗೂ ಪೇಪರ್ ಹಾಸಿದ್ರಾ?"

"ಅವರು ಬಟ್ಟೆ ಅಂಗಡಿ ಯಜಮಾನರು."

"ಯಾಕೆ, ಬಟ್ಟೆ ಅಂಗಡಿಯವರು ಬೆವರಲ್ವಾ?"

ವಿಮೆ ಆಫೀಸಿನ ಆ ಮನುಷ್ಯ ಟೈ ಸರಿ ಮಾಡಿಕೊಂಡ. ಉತ್ತರ ಹೊಳೆಯದಿದ್ದಾಗಲೆಲ್ಲ ಅವನ ಕೈ ಟೈಗೆ ಹೋಗುತ್ತಿತ್ತು. ಅವತ್ತು ಇಡೀ ಬೆಳಿಗ್ಗೆ ನಾವು ಅವನನ್ನು ಟೈ ಅಂತಲೇ ಕರೆದೆವು. ಹಿಂದಿನಿಂದ ಅಲ್ಲ, ಎದುರಿಗೇ.

ಮೂರು ಕುರ್ಚಿ, ಮೂರರ ಮೇಲೂ ಪೇಪರು. ನಾನು ನಿಂತೇ ಇದ್ದೆ. ನನ್ನ ಮೈದುನ ಬಾಗಿಲ ಹತ್ತಿರ ಗೋಡೆಗೆ ಒರಗಿ, ಎಡಗಾಲಿನ ಭಾರವನ್ನು ಬಲಗಾಲಿಗೆ ಹಾಕಿ ನಿಂತಿದ್ದ. ನಾದಿನಿ ಮಾತ್ರ ಆಗಲೇ ಕೂತಾಗಿತ್ತು. ಕೂತಿದ್ದಲ್ಲದೆ ಬಗ್ಗಿ, ತನ್ನ ತೊಡೆಗಳ ನಡುವೆ ಕಾಣುತ್ತಿದ್ದ ಪೇಪರನ್ನು ಓದುತ್ತಿದ್ದಳು.

"ಅತ್ತಿಗೆ, ಜಗಳ ಬೇಡ. ನಾನು ಯಾರೋ ಮಂತ್ರಿ ಮುಖದ ಮೇಲೆ ಕೂತಿದೀನಿ. ಇಂಥ ಸೀಟು ಮತ್ತೆ ಸಿಗಲ್ಲ."

ಮೈದುನ ನಕ್ಕುಬಿಟ್ಟ. ನನಗೂ ನಗು ಬಂತು. ನಗು ಬಂದರೆ ನನ್ನ ಸಿಟ್ಟಿನ ಗಾಳಿ ಇಳಿದುಹೋಗುತ್ತದೆ. ಅದಕ್ಕೇ ನಾದಿನಿಯನ್ನು ಜಗಳಕ್ಕೆ ಕರೆದುಕೊಂಡು ಹೋಗಬಾರದು. ನನ್ನ ಕುರ್ಚಿಯ ಪೇಪರನ್ನು ನಾನೇ ಮಡಿಸಿ ಅವನ ಟೇಬಲ್ಲಿನ ಮೇಲಿಟ್ಟು ಕೂತೆ. ಬಟ್ಟೆ ಸೀಟು ಮೆತ್ತಗಿತ್ತು.

ನಮ್ಮ ಕೆಲಸ ಚರಂಡಿ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಕಲ್ಲಿನ ಮುಚ್ಚಳ ಎತ್ತುತ್ತೇವೆ. ಪಂಪು ಹಚ್ಚುತ್ತೇವೆ. ಪಂಪು ಎಳೆಯದೇ ಇರುವುದನ್ನು ಸಲಿಕೆಯಲ್ಲಿ, ಸಲಿಕೆಗೆ ಸಿಗದೇ ಇರುವುದನ್ನು ಕೈಯಲ್ಲಿ ಎತ್ತುತ್ತೇವೆ. ನನ್ನ ಗಂಡನ ಬೆನ್ನನ್ನು ಆ ಕಲ್ಲಿನ ಮುಚ್ಚಳಗಳೇ ತಿಂದವು. ಈಗ ಅವನು ಮನೆಯಲ್ಲಿ ಅಡುಗೆ ಮಾಡುತ್ತಾನೆ. ಉಪ್ಪು ಜಾಸ್ತಿ ಹಾಕುತ್ತಾನೆ. ಹೇಳಿದರೆ "ಬೆನ್ನು ನೋವು" ಅನ್ನುತ್ತಾನೆ. ಬೆನ್ನಿಗೂ ಉಪ್ಪಿಗೂ ಏನು ಸಂಬಂಧವೋ.

ಹನ್ನೆರಡು ವರ್ಷ ಒಬ್ಬ ಗುತ್ತಿಗೆದಾರನ ಕೈಕೆಳಗೆ ದುಡಿದೆವು. ಅವನಿಗೆ ಹನ್ನೊಂದು ವ್ಯಾನುಗಳಿವೆ. ಮಾತು ಶುರು ಮಾಡಿದರೆ ಮೂರನೇ ವಾಕ್ಯಕ್ಕೆ "ನನ್ನ ಹನ್ನೊಂದು ಗಾಡಿ" ಅನ್ನುತ್ತಾನೆ. ಅದಕ್ಕೆ ಅವನ ಹೆಸರೇ ಹನ್ನೊಂದು ಗಾಡಿ. ನಾನು ಅವನ ಒಂದು ವ್ಯಾನಿನ ಡ್ರೈವರ್. ಹಿಂದೆ ಪಂಪಿನ ಜೊತೆ ಮೂವರು: ಮೈದುನ, ನಾದಿನಿ, ಮತ್ತೆ ನಾವೆಲ್ಲ ತಾತ ಅನ್ನುವ ಒಬ್ಬ ಹಳೆಯ ಕೆಲಸಗಾರ. ಪಂಪು ಎಮ್ಮೆಯಷ್ಟು ದಪ್ಪ. ಅದಕ್ಕೆ ನಾಲ್ಕು ಚಕ್ರ. ತಿರುವು ಬಂದರೆ ಸುಮ್ಮನೆ ನಿಲ್ಲುವ ಜಾತಿಯದಲ್ಲ. ಆ ಕಡೆ ಈ ಕಡೆ ಕೂತು ಕಾಲು ಕೊಟ್ಟು ಹಿಡಿಯಬೇಕು.

ನನ್ನ ಪಕ್ಕದ ಸೀಟು ಮಾತ್ರ ಖಾಲಿ. ಅದು ಮೇಲ್ವಿಚಾರಕನದು. ಅವನು ತಿಂಗಳಿಗೆ ಒಂದು ಸಲ ಬರುತ್ತಿದ್ದ. ಬರದ ದಿನವೂ ಆ ಸೀಟಿನ ಮೇಲೆ ಯಾರೂ ಕೂರುವಂತಿರಲಿಲ್ಲ. ಕೂತರೆ ಸೀಟು ನಾರುತ್ತದಂತೆ.

ನನಗೂ ಹಿಂದಿನವರಿಗೂ ನಡುವೆ ತಗಡಿನ ಗೋಡೆ. ಕಿಟಕಿ ಇಲ್ಲ. ಮಾತು ಕೇಳಿಸುವುದಿಲ್ಲ. ಅದಕ್ಕೆ ನಾವೇ ಒಂದು ಲೆಕ್ಕ ಮಾಡಿಕೊಂಡಿದ್ದೆವು. ತಗಡಿಗೆ ಒಂದು ಬಡಿತ: ನಿಲ್ಲಿಸು. ಎರಡು ಬಡಿತ: ಎಲ್ಲರೂ ಹತ್ತಿದೀವಿ, ಹೊರಡು. ಮೂರು, ಅದಕ್ಕಿಂತ ಹೆಚ್ಚು: ಬೇಗ ಹೋಗು. ಡಬ್ಬಗಳು ತುಂಬಿ ತುಳುಕುವಾಗ, ಹಿಂದೆ ಉಸಿರಾಡಲು ಆಗದಿರುವಾಗ, ಮೂರು ಬಡಿಯುತ್ತಿದ್ದರು.

ಎರಡು ವರ್ಷದ ಹಿಂದೆ ಒಂದು ತಿರುವಿನಲ್ಲಿ ಒಂದೇ ಒಂದು ಬಡಿತ ಬಂತು. ನಿಲ್ಲಿಸಿ ಹಿಂದಕ್ಕೆ ಓಡಿದೆ. ಪಂಪು ಮೈದುನನ ಎಡಗಾಲಿನ ಮೇಲೆ ನಿಂತಿತ್ತು. ತಾತ ಅದನ್ನು ಭುಜ ಕೊಟ್ಟು ನೂಕುತ್ತಿದ್ದ.

ಮೂರು ಬೆರಳು ಹೋದವು. ಪಾದ ಒಳಕ್ಕೆ ಮಡಚಿಕೊಂಡಿತು. ವಿಮೆಯವರು ಬಂದರು. ಪಂಪಿನ ಫೋಟೋ ತೆಗೆದರು. ಪಂಪಿನ ಮೈ ನೆಗ್ಗಿತ್ತು. ನೆಗ್ಗಿದ್ದು ಮೈದುನನ ಕಾಲಿಗೆ ಬಡಿದಲ್ಲ, ಆಮೇಲೆ ಬಾಗಿಲಿಗೆ ಬಡಿದು. ನೆಗ್ಗಿದ್ದಕ್ಕೆ ಪರಿಹಾರ ಬಂತು. ಕಾಲಿಗೆ ಒಂದು ಕಾಗದ ಬಂತು. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಬೆರಳಿಟ್ಟು, ಗಟ್ಟಿಯಾಗಿ, ಅಕ್ಷರ ಬಿಡದೆ ಓದುತ್ತೇನೆ. ಆ ಕಾಗದದಲ್ಲಿ ಹೀಗಿತ್ತು: "ವಾಹನದ ಹಿಂಭಾಗದಲ್ಲಿ ಜನರು ಕೂರಲು ಅವಕಾಶವಿಲ್ಲ. ಆದ್ದರಿಂದ ಘಟನೆಯ ವೇಳೆ ಹಿಂಭಾಗದಲ್ಲಿ ಜನರು ಇರಲಿಲ್ಲ."

ಮೂರು ಸಲ ಓದಿದೆ. ಮೂರು ಸಲವೂ ಅವನು ಇರಲಿಲ್ಲ.

ಮುಂದಿನ ಪುಟದಲ್ಲಿ ಇನ್ನೊಂದು ಸಾಲು. ವಿಮೆ ಇರುವುದು ಡ್ರೈವರಿಗೆ, ಮತ್ತೆ ಅವಳ ಪಕ್ಕದ ಸೀಟಿಗೆ. ಅವತ್ತು ಆ ಸೀಟು ಖಾಲಿ ಇತ್ತು. ಹನ್ನೆರಡು ವರ್ಷ ಆ ಖಾಲಿ ಸೀಟಿಗೆ ವಿಮೆ ಇತ್ತು. ಹಿಂದೆ ಕೂತ ಮೂವರಿಗೆ ಇರಲಿಲ್ಲ.

ಈಗ ನಮ್ಮದೇ ಒಂದು ವ್ಯಾನು ತಗೊಂಡಿದ್ದೇವೆ. ಹಳೆಯದು. ನಾವೆಲ್ಲ ಸೇರಿ ಅದನ್ನು ಮೈದುನನ ಹೆಸರಿಗೇ ಮಾಡಿಸಿದೆವು. ಕಾಲಿನ ಬದಲು ಚಕ್ರ ಇರಲಿ ಎಂದಳು ನಾದಿನಿ. ಹನ್ನೊಂದು ಗಾಡಿಯೇ ಮಾರ್ಕೆಟ್ಟಿನ ಮೀನಿನ ಸಾಲಿನ ಚರಂಡಿಯನ್ನು ನಮಗೆ ಬಿಟ್ಟುಕೊಡುತ್ತೇನೆ ಎಂದಿದ್ದ. ಆ ಸಾಲಿಗೆ ಅವನ ಕಡೆಯವರು ಬೇರೆ ಯಾರೂ ಹೋಗುವುದಿಲ್ಲ, ಅದಕ್ಕೆ. ಸೋಮವಾರ ಶುರು. ಅಷ್ಟರೊಳಗೆ ವ್ಯಾನಿಗೆ ವಿಮೆಯ ಕಾಗದ ಬೇಕು. ಅವತ್ತು ಶುಕ್ರವಾರ.

ಟೈ ಮೂರು ಬಣ್ಣದ ಮೂರು ಹಾಳೆ ಮುಂದಿಟ್ಟ.

"ಇದು ಸ್ವಂತ ಬಳಕೆದು. ಮನೆಯವರನ್ನ ಕರ್ಕೊಂಡು ಓಡಾಡೋಕೆ ಅಂತ ಬರೆದ್ರೆ ಆಯ್ತು. ತುಂಬಾ ಅಗ್ಗ. ಯಾರೂ ಕೇಳಲ್ಲ."

"ಏನಾದ್ರೂ ಆದ್ರೆ?"

"ಆಗ ಕೇಳ್ತಾರೆ."

"ಮತ್ತೆ ಆಗದೇ ಇದ್ರೆ ನಮಗೆ ವಿಮೆ ಯಾಕ್ ಬೇಕು?"

ಅವನು ಟೈ ಸರಿ ಮಾಡಿಕೊಂಡು ಎರಡನೇ ಹಾಳೆ ತಳ್ಳಿದ. "ಇದು ಸರಕಿನ ಗಾಡಿದು. ಎಲ್ಲರೂ ಇದನ್ನೇ ಮಾಡಿಸ್ತಾರೆ. ಗಾಡಿಗೆ ಆಗುತ್ತೆ, ಗಾಡಿ ಯಾರಿಗಾದ್ರೂ ಗುದ್ದಿದ್ರೆ ಆಗುತ್ತೆ, ಡ್ರೈವರಿಗೆ, ಪಕ್ಕದ ಸೀಟಿಗೆ ಆಗುತ್ತೆ. ಸಾಮಾನುಗಳಿಗೂ ಸೇರಿಸ್ತೀನಿ. ಪಟ್ಟಿ ಹೇಳಿ."

"ಮೂರನೇದು?"

"ಅದು ನಿಮಗ್ಯಾಕೆ?"

"ಹಾಳೆ ಹಸಿರಾಗಿದೆ. ಚೆನ್ನಾಗಿದೆ. ಏನದು?"

"ಗಾಡೀಲಿ ಹೋಗೋ ಕೆಲಸಗಾರರನ್ನ ತಲೆ ಎಣಿಸಿ ಸೇರಿಸೋದು. ದುಡ್ಡು ಜಾಸ್ತಿ. ಹಿಂದೆ ಭದ್ರವಾದ ಬೆಂಚು ಇರಬೇಕು, ಬೆಲ್ಟ್ ಇರಬೇಕು. ನಾನೇ ಒಳಗೆ ಹೋಗಿ ನೋಡಿ ಫೋಟೋ ಕಳಿಸ್ಬೇಕು." 'ಒಳಗೆ ಹೋಗಿ' ಅನ್ನುವಾಗ ಅವನ ಮೂಗು ಸಣ್ಣಗಾಯಿತು. "ಬೇಡಮ್ಮ. ಎರಡನೇದು ಮಾಡಿ. ಸಾಮಾನಿನ ಪಟ್ಟಿ ಹೇಳಿ. ವಸ್ತು, ಎಷ್ಟು ಹಳೇದು, ಸ್ಥಿತಿ ಹೇಗಿದೆ."

ನಾದಿನಿ ಕಣ್ಣು ಹೊಡೆದಳು. ಅವಳ ಈ ಕಣ್ಣು ನನಗೆ ಗೊತ್ತು. ಮದುವೆಗೆ ಬಂದ ಗಂಡನ್ನು ಓಡಿಸಿದ ದಿನ ನೋಡಿದ್ದೆ.

"ಬರ್ಕೊಳ್ಳಿ," ಎಂದಳು. "ಪಂಪು ಒಂದು. ಆರು ವರ್ಷ ಹಳೇದು. ಓಡುತ್ತೆ."

ಅವನು ಕೀಲಿಮಣೆ ಕುಟ್ಟಿದ.

"ದಪ್ಪ ಪೈಪು, ಎರಡು. ಹೊಸದು. ಸಲಿಕೆ ನಾಲ್ಕು. ಹಿಡಿ ಸವೆದಿದೆ. ಕೊಕ್ಕೆ ಕಂಬಿ ಮೂರು. ಎತ್ತೋದು ಒಂದು, ನಲವತ್ತು ವರ್ಷ ಹಳೇದು, ಎಡಗಾಲು ಸೊಟ್ಟ, ಬಾಕಿ ಚೆನ್ನಾಗಿ ಓಡುತ್ತೆ."

ಕುಟ್ಟುತ್ತಿದ್ದ ಬೆರಳು ನಿಂತಿತು. "ಎತ್ತೋದು ಅಂದ್ರೆ ಯಾವ ಮಷೀನು?"

"ಗೋಡೆಗೆ ಒರಗಿಸಿದೀವಲ್ಲ, ಅದು."

ಮೈದುನ ಅಲ್ಲಿಂದಲೇ ಕೈ ಎತ್ತಿ ತೋರಿಸಿದ, ಶಾಲೆಯಲ್ಲಿ ಹಾಜರಿ ಕೂಗಿದಾಗ ಎತ್ತುವ ಹಾಗೆ.

"ತಮಾಷೆ ಮಾಡ್ಬೇಡಿ. ಮನುಷ್ಯರನ್ನ ಸಾಮಾನಿನ ಪಟ್ಟೀಲಿ ಹಾಕೋ ಹಾಗಿಲ್ಲ."

"ಸೀಟಿನ ಪಟ್ಟೀಲಿ?"

"ಹಿಂದೆ ಸೀಟಿಲ್ಲ."

"ಸೀಟಲ್ಲೂ ಇಲ್ಲ, ಸಾಮಾನಲ್ಲೂ ಇಲ್ಲ," ಎಂದೆ ನಾನು. "ಸಲಿಕೇನ ಬರ್ಕೊಂಡ್ರಿ. ಸಲಿಕೆ ಹಿಡಿಯೋ ಕೈಯನ್ನ ಎಲ್ಲಿ ಬರ್ಕೊತೀರಿ? ಜಾಗ ತೋರಿಸಿ, ನಾನೇ ಬರೀತೀನಿ."

ಅವನ ಕೈ ಟೈಗೆ ಹೋಯಿತು.

"ಹಸಿರು ಹಾಳೆ ತಗೊಳ್ಳಿ," ಎಂದೆ. "ಹಿಂದೆ ಎರಡು ತಲೆ. ಬೆಂಚು ಹಾಕ್ಸಿದೀವಿ. ಗುಜರಿ ಬಸ್ಸಿಂದ ಕಿತ್ತು ಬೆಲ್ಟೂ ಹಾಕ್ಸಿದೀವಿ. ಪಂಪಿಗೆ ಸರಪಳಿ ಇದೆ. ಗಾಡಿ ಕೆಳಗಿದೆ. ಬನ್ನಿ, ನೋಡಿ."

ಬರಲೇಬೇಕಾಯಿತು. ಆ ಆಫೀಸಿನ ನಿಯಮವನ್ನು ಅವನೇ ಬಾಯಿಬಿಟ್ಟು ಹೇಳಿದ್ದ. ಮೆಟ್ಟಿಲು ಇಳಿಯುವಾಗಲೇ ಕರ್ಚೀಫು ತೆಗೆದು ಮೂಗಿಗೆ ಹಿಡಿದ. ಹಿಂದಿನ ದಿನ ನಾವು ಮೂವರೂ ಮಂಡಿಯೂರಿ ವ್ಯಾನಿನ ಒಳಗನ್ನು ಮೂರು ಸಲ ಉಜ್ಜಿ ತೊಳೆದಿದ್ದೆವು. ಅದು ಅವನ ಆಫೀಸಿನ ಕಕ್ಕಸಿಗಿಂತ ಚೊಕ್ಕಟವಾಗಿತ್ತು. ಆ ಕಕ್ಕಸಿಗೆ ನಾನು ಹೋಗಿ ಬಂದಿದ್ದೆ, ಅದಕ್ಕೆ ಹೇಳುತ್ತಿದ್ದೇನೆ. ಆದರೂ ಕರ್ಚೀಫು ಇಳಿಯಲಿಲ್ಲ. ಅವನ ಮೂಗು ವಾಸನೆ ಏನೆಂದು ಮನೆಯಿಂದಲೇ ತೀರ್ಮಾನ ಮಾಡಿಕೊಂಡು ಬಂದಿತ್ತು.

"ಗಾಡಿ ನಂಬರು ಎಲ್ಲಿ ಕೊರೆದಿದೆ?" ಹೊರಗೇ ನಿಂತು ಕೇಳಿದ.

"ಹಳೇ ಗಾಡಿ. ಒಳಗಿದೆ. ಬೆಂಚಿನ ಕೆಳಗೆ, ಪಂಪಿನ ಹಿಂದೆ," ಎಂದ ಮೈದುನ. ಅವತ್ತು ಅವನು ಆಡಿದ ಮೊದಲ ಮಾತು.

ಪಂಪು ಸರಿಸದೆ ನಂಬರು ಕಾಣದು. ಸರಪಳಿ ಬಿಚ್ಚದೆ ಪಂಪು ಸರಿಯದು. ಮೈದುನ, ನಾದಿನಿ ಒಳಗೆ ಹತ್ತಿ ಸರಪಳಿ ಬಿಚ್ಚಿ ಪಂಪನ್ನು ಈಚೆಗೆ ಉರುಳಿಸಿದರು. ಟೈ ಫೋನನ್ನು ಕೈಯಲ್ಲಿ ಹಿಡಿದು ಬಗ್ಗಿ ಬಗ್ಗಿ ಒಳಗೆ ಹೋದ. ಆ ಫೋನಿನಲ್ಲಿ ಒತ್ತಿದರೆ ಸಾಕು, ಫೋಟೋ ನೇರವಾಗಿ ಅವರ ದೊಡ್ಡ ಆಫೀಸಿಗೆ ಹೋಗುತ್ತದೆ.

ನಾನು ಡ್ರೈವರ್ ಸೀಟಿನಲ್ಲಿದ್ದೆ. ಅಷ್ಟರಲ್ಲಿ ಕಟ್ಟಡದ ಕಾವಲಿನವನು ಸೀಟಿ ಊದಿಕೊಂಡು ಬಂದ.

"ಏಯ್, ಚರಂಡಿ ಗಾಡಿ! ಬಾಗಿಲ ಮುಂದೆ ನಿಲ್ಲಿಸ್ಬೇಡ! ತೆಗಿ, ತೆಗಿ!"

"ಸಾಹೇಬ್ರು ಒಳಗಿದಾರೆ."

"ಯಾರಾದ್ರೂ ಇರ್ಲಿ, ತೆಗಿ!" ಅಂದವನೇ ಹಿಂದಕ್ಕೆ ಹೋಗಿ ಹಿಂಬಾಗಿಲನ್ನು ಧಡ್ ಎಂದು ಮುಚ್ಚಿ ಚಿಲಕ ಹಾಕಿದ. ಅದನ್ನು ನಾನು ಹೇಳಿ ಮಾಡಿಸಲಿಲ್ಲ. ಹೇಳಿದ್ದರೂ ಅಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ.

ಆಗ ನಮ್ಮ ಗಾಡಿಯಲ್ಲೂ ನಡುವೆ ಇರುವ ತಗಡಿಗೆ ಹಿಂದಿನಿಂದ ಬಡಿತ ಬಂತು. ಎರಡು.

ಎರಡು ಎಂದರೆ ಹೊರಡು. ಹೊರಟೆ.

ಮತ್ತೆ ಬಡಿತ. ಮೂರು, ನಾಲ್ಕು, ಐದು. ಬೇಗ ಹೋಗು. ಬೇಗ ಹೋದೆ. ಆಮೇಲೆ ಬಡಿತ ನಿಲ್ಲಲೇ ಇಲ್ಲ. ಎರಡು ಕೈಯಲ್ಲೂ ಬಡಿಯುತ್ತಿದ್ದರು ಯಾರೋ. ಹನ್ನೆರಡು ವರ್ಷದ ಅಭ್ಯಾಸ ನನ್ನದು. ತಗಡು ಹೇಳಿದ್ದನ್ನು ಮೀರಿದವಳಲ್ಲ. ಬಡಿಯುವ ಕೈ ಯಾರದು ಎಂದು ಗೊತ್ತಿರಲಿಲ್ಲವೇ ಎಂದು ಯಾರಾದರೂ ಕೇಳಿದರೆ, ನನಗೆ ಕೇಳಿಸಿದ್ದು ಬಡಿತ, ಕೈ ಕಾಣಲಿಲ್ಲ ಎನ್ನುತ್ತೇನೆ. ಬ್ಯಾಂಕಿನ ತಿರುವು, ಶಾಲೆಯ ತಿರುವು, ಮುರುಕು ರಸ್ತೆ, ಮತ್ತೆ ಬ್ಯಾಂಕಿನ ತಿರುವು. ಕಟ್ಟಡಕ್ಕೆ ಒಂದು ಸುತ್ತು ಹಾಕಿ ಬಂದು ನಿಲ್ಲಿಸಿದೆ. ನಿಲ್ಲಿಸಲು ಒಂದೇ ಒಂದು ಬಡಿತ ಸಾಕಿತ್ತು. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹಿಂಬಾಗಿಲು ತೆಗೆದೆ.

ನಾದಿನಿ ಬೆಲ್ಟು ಹಾಕಿಕೊಂಡು ಬೆಂಚಿನ ಮೇಲೆ ಮದುಮಗಳ ಹಾಗೆ ಕೂತಿದ್ದಳು. ಕಣ್ಣಲ್ಲಿ ನೀರು, ನಕ್ಕು ನಕ್ಕು. ಟೈ ಮೂಲೆಯಲ್ಲಿ ಕುಕ್ಕುರುಗಾಲಲ್ಲಿದ್ದ. ಕರ್ಚೀಫು ಎಲ್ಲೋ, ಅವನೆಲ್ಲೋ. ಕೊರಳಿನ ಟೈ ಹಿಂದಕ್ಕೆ ತಿರುಗಿ ಬೆನ್ನ ಮೇಲೆ ಬಿದ್ದಿತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಮೈದುನನ ಭುಜವನ್ನು ಅವುಚಿಕೊಂಡಿತ್ತು. ಮುಟ್ಟಬಾರದು ಎನ್ನುವುದು ಆ ಕೈಗೆ ಮರೆತೇ ಹೋಗಿತ್ತು.

ಮೈದುನ ನೆಲದ ಮೇಲಿದ್ದ. ಬೆನ್ನನ್ನು ಬೆಂಚಿಗೆ ಕೊಟ್ಟು, ಎಡಗಾಲನ್ನು ಉದ್ದಕ್ಕೆ ಚಾಚಿ ಪಂಪಿಗೆ ಒತ್ತಿ ಹಿಡಿದಿದ್ದ. ಅದೇ ಕಾಲು. ಪಂಪಿಗೂ ಟೈನ ಮಂಡಿಗೂ ನಡುವೆ ಇದ್ದದ್ದು ಆ ಸೊಟ್ಟ ಪಾದ ಒಂದೇ. ಅವನ ಹಣೆಯ ಮೇಲೆ ಬೆವರು ಸಾಲಾಗಿ ಇಳಿಯುತ್ತಿತ್ತು.

ನನ್ನ ನಗು ಅಲ್ಲಿಗೆ ನಿಂತಿತು. ಸರಪಳಿ ಬಿಚ್ಚಿದ್ದು ನನಗೆ ಗೊತ್ತಿತ್ತು. ತಿರುವಿನಲ್ಲಿ ನೆನಪಾಗಲಿಲ್ಲ. ನನ್ನನ್ನು ನಾನೇ ಬೈದುಕೊಂಡೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಮೇಲೆ ಹೋದ ಮೇಲೆ ಟೈ ಎರಡು ಲೋಟ ನೀರು ಕುಡಿದ. ಕೂತ.

"ಕಾಲು ಯಾಕಪ್ಪ ಕೊಟ್ಟೆ?" ಎಂದು ಕೇಳಿದ.

"ಕೊಡದಿದ್ರೆ ನಿಮ್ಮ ಮಂಡಿ ಹೋಗ್ತಿತ್ತು."

"ಕೈಯಲ್ಲಿ ಹಿಡೀಬಹುದಿತ್ತಲ್ಲ?"

"ಕೈ ನಿಮ್ಮನ್ನ ಹಿಡ್ಕೊಂಡಿತ್ತಲ್ಲ ಸಾರ್."

ಟೈ ಫೋನು ತೆಗೆದು ನೋಡಿದ. ಮುಖ ಬಿಳಿಚಿಕೊಂಡಿತು. ಗಾಬರಿಯಲ್ಲಿ ಬೆರಳು ಒತ್ತುತ್ತಲೇ ಇತ್ತು. ನಲವತ್ತೆರಡು ಫೋಟೋ. ನಂಬರಿನದು ಒಂದು. ಉಳಿದದ್ದೆಲ್ಲ ಪಂಪು, ಬೆಲ್ಟು, ನಾದಿನಿಯ ಹಲ್ಲು, ಮೈದುನನ ಕಾಲು, ಟೈನದೇ ಮಂಡಿ. ಎಲ್ಲವೂ ದೊಡ್ಡ ಆಫೀಸಿಗೆ ಹೋಗಿಯಾಗಿತ್ತು.

"ಹಿಂದೆ ಜನ ಇದ್ರು ಅಂತ ಈಗ ನಿಮ್ಮ ಆಫೀಸಿಗೇ ಗೊತ್ತಾಯ್ತು," ಎಂದಳು ನಾದಿನಿ. "ನೀವೂ ಇದ್ರಿ."

ಅವನು ಎದ್ದು ಹೋಗಿ ಗಾಜಿನ ಆಚೆ ನಿಂತು ಯಾರಿಗೋ ಫೋನು ಮಾಡಿದ. ಬೆನ್ನು ನಮ್ಮ ಕಡೆಗಿತ್ತು. "ಇಲ್ಲ ಸಾರ್, ನಿಮ್ಮ ಕಡೆಯವರೇ" ಎಂದದ್ದು ಮಾತ್ರ ಕೇಳಿಸಿತು. ಹತ್ತು ನಿಮಿಷಕ್ಕೆ ಹನ್ನೊಂದು ಗಾಡಿ ಬಂದ. ಅವನ ಹಿಂದೆ ಅವನ ಚರ್ಮದ ಬ್ಯಾಗು ಹಿಡಿದುಕೊಂಡು ತಾತ. ತಾತ ನಮ್ಮನ್ನು ನೋಡಿ ಹುಬ್ಬು ಮಾತ್ರ ಎತ್ತಿದ.

ಹನ್ನೊಂದು ಗಾಡಿಗೆ ಯಾರೂ ಕುರ್ಚಿ ತೋರಿಸಲಿಲ್ಲ. ಅವನೇ ಟೇಬಲ್ಲಿನ ಮೂಲೆಯ ಮೇಲೆ ಕೂತ.

"ಏನಮ್ಮ ಇದು, ಹಸಿರು ಹಾಳೆ ಕೇಳಿದ್ಯಂತೆ?"

"ಹೌದು."

"ಯಾಕೆ? ಎಲ್ಲರಿಗೂ ಇಲ್ಲದ ಭಯ ನಿಮಗೊಬ್ರಿಗೇ ಯಾಕೆ? ನೋಡು, ನನ್ನ ಹನ್ನೊಂದು ಗಾಡಿಗೂ ಎರಡನೇದೇ ಇರೋದು. ನೀವು ತಲೆ ಎಣಿಸಿ ಬರೆಸಿದ್ರೆ ನಾಳೆ ನನ್ನ ಗಾಡಿಯವರೂ ತಲೆ ಎಣಿಸಿ ಅಂತಾರೆ. ಎಷ್ಟು ತಲೆ ಅಂತ ಎಣಿಸ್ಲಿ ನಾನು?"

"ಇರೋವಷ್ಟು," ಎಂದಳು ನಾದಿನಿ.

"ನಿನ್ನ ಬಾಯಿ ಇನ್ನೂ ಹಾಗೇ ಇದೆ."

"ಅದಕ್ಕೆ ವಿಮೆ ಬೇಡ. ಗಟ್ಟಿಮುಟ್ಟಾಗಿದೆ."

ಅವನು ನಗಲಿಲ್ಲ. ಟೈ ಕಡೆಗೆ ತಿರುಗಿದ. "ಎರಡನೇದು ಮಾಡ್ಕೊಡು ಇವರಿಗೆ."

"ಫೋಟೋ ಹೋಗ್ಬಿಟ್ಟಿದೆ ಸಾರ್."

"ವಾಪಸ್ ತಗೊ."

"ತಗೋಬಹುದು. ತಪ್ಪಾಗಿ ತೆಗೆದಿದ್ದು, ಹಿಂದೆ ಯಾರೂ ಕೂರಲ್ಲ ಅಂತ ಗಾಡಿ ಯಜಮಾನ ಬರೆದು ರುಜು ಹಾಕ್ಬೇಕು."

ಹನ್ನೊಂದು ಗಾಡಿಯ ಮುಖ ಅರಳಿತು. ಗಾಡಿಯ ಯಜಮಾನ ಎಂದರೆ ನನ್ನ ಮೈದುನ. ಮುಂದಿಟ್ಟದ್ದಕ್ಕೆಲ್ಲ ಹನ್ನೆರಡು ವರ್ಷ ಓದದೆ ರುಜು ಹಾಕಿದವನು. ಕೈಗವಸು ಕೊಡದೆ ಕೊಟ್ಟಿದ್ದೇವೆ ಎಂದಾಗ ಹಾಕಿದ, ರಜೆ ಕೊಡದೆ ಕೊಟ್ಟಿದ್ದೇವೆ ಎಂದಾಗ ಹಾಕಿದ. ಆಸ್ಪತ್ರೆಯ ಮಂಚದ ಮೇಲೂ ಒಂದು ಹಾಕಿದ್ದ. ಅದು ಏನೆಂದು ಇವತ್ತಿಗೂ ನಮಗೆ ಗೊತ್ತಿಲ್ಲ.

"ಬಾರೋ ಕುಂಟ," ಎಂದು ಅವನು ಜೇಬಿನಿಂದ ತನ್ನದೇ ಪೆನ್ನು ತೆಗೆದ. "ಹಾಕು. ಸೋಮವಾರ ಮೀನಿನ ಸಾಲು ನಿಂದು. ಹಾಕದಿದ್ರೆ ಬೇರೆಯವರಿಗೆ."

ಟೈ ಎರಡು ಸಾಲು ಕುಟ್ಟಿ, ಸಾಮಾನಿನ ಪಟ್ಟಿಯ ಜೊತೆ ಕಾಗದ ತೆಗೆದುಕೊಟ್ಟ. ಮೈದುನ ಗೋಡೆ ಬಿಟ್ಟು ಕುಂಟುತ್ತ ಬಂದ. ಪೆನ್ನು ತಗೊಂಡ. ಮೀನಿನ ಸಾಲು ಹೋದರೆ ನಮಗೆ ಸೋಮವಾರ ಇಲ್ಲ, ಮಂಗಳವಾರವೂ ಇಲ್ಲ. ಮನೆಯಲ್ಲಿ ಉಪ್ಪು ಜಾಸ್ತಿ ಹಾಕಲಿಕ್ಕೂ ಏನಾದರೂ ಬೇಯಬೇಕಲ್ಲ. ಹಾಕು ಎನ್ನಲು ಬಾಯಿ ಬರಲಿಲ್ಲ. ಬೇಡ ಎನ್ನಲೂ ಬರಲಿಲ್ಲ. ಕಾಲು ಅವನದು.

ಅವನು ಕಾಗದವನ್ನು ನನ್ನ ಕಡೆ ಹಿಡಿದ. "ಅತ್ತಿಗೆ, ಓದಿ."

ಹನ್ನೆರಡು ವರ್ಷದಲ್ಲಿ ಮೊದಲ ಸಲ ಕೇಳಿದ.

ಎದ್ದು ನಿಂತು ಓದಿದೆ. ಬೆರಳಿಟ್ಟು, ಶಾಲೆಯ ಗಂಟಲಲ್ಲಿ. "ಈ ವಾಹನದ ಹಿಂಭಾಗದಲ್ಲಿ ಯಾವ ವ್ಯಕ್ತಿಯೂ ಕೂರುವುದಿಲ್ಲ. ಫೋಟೋಗಳನ್ನು ತಪ್ಪಾಗಿ ತೆಗೆಯಲಾಗಿದೆ."

"ನಾನು?"

"ಇಲ್ಲ."

"ತಂಗಿ?"

"ಅವಳೂ ಇಲ್ಲ."

"ಪಂಪು?"

ಸಾಮಾನಿನ ಪಟ್ಟಿ ತೆಗೆದು ನೋಡಿದೆ. "ಪಂಪು ಇದೆ. ಸಲಿಕೇನೂ ಇದೆ. ನಾಲ್ಕು."

ಅವನು ಪೆನ್ನಿಗೆ ಮುಚ್ಚಳ ಹಾಕಿದ. ನಾನು ಮಡಿಸಿ ಇಟ್ಟಿದ್ದ ಪೇಪರನ್ನು ಟೇಬಲ್ಲಿನ ಮೇಲೆ ಬಿಡಿಸಿ ಹಾಸಿದ. ಕೈಯಿಂದ ಸುಕ್ಕು ಸವರಿದ. ಕುರ್ಚಿಯ ಬೆನ್ನು ಹಿಡಿದುಕೊಂಡು ಬೂಟು ಬಿಚ್ಚಿದ. ಸಾಕ್ಸು ಬಿಚ್ಚಿದ. ಎಡಗಾಲನ್ನು ಎತ್ತಿ ಪೇಪರಿನ ಮೇಲಿಟ್ಟ. ಎರಡು ಬೆರಳು. ಉಳಿದ ಕಡೆ ನುಣ್ಣಗೆ, ಕೆಂಪಗೆ. ಈಗ ತಾನೇ ಪಂಪು ಒತ್ತಿದ ಗುರುತು ಹಸಿಯಾಗಿತ್ತು.

"ಹೆದರ್ಬೇಡಿ ಸಾರ್," ಎಂದ ಟೈಗೆ. "ನಿಮ್ಮ ಟೇಬಲ್ ಕೊಳೆ ಆಗಲ್ಲ. ಪೇಪರ್ ಹಾಕಿದೀನಿ."

ಹನ್ನೊಂದು ಗಾಡಿ ಟೇಬಲ್ಲಿನ ಮೂಲೆಯಿಂದ ಇಳಿದ.

"ಆ ಪಂಪು ಇದೆಯಾ ಯಜಮಾನ್ರೇ? ನೆಗ್ಗಿದ್ದು?"

"ಇದೆ. ರಿಪೇರಿ ಮಾಡ್ಸಿದೀನಿ. ಓಡ್ತಿದೆ."

"ಇದು ಓಡಲ್ಲ," ಎಂದ ಮೈದುನ. "ನಾನು ಹಾಕಲ್ಲ ರುಜು."

"ಮೀನಿನ ಸಾಲು ಹೋಯ್ತು ನಿಂಗೆ."

"ಹೋಗ್ಲಿ."

"ಬೇರೆಯವರು ಬರ್ತಾರೆ."

"ಬರ್ಲಿ. ಅವರೂ ಹಿಂದೇನೇ ಕೂರ್ತಾರೆ. ಅವರಿಗೂ ಕಾಲಿರುತ್ತೆ."

"ಎಲಾ! ಕುಂಟನಿಗೆ ಮಾತು ಬಂತು!"

"ನಡೆಯೋಕೆ ಕಷ್ಟ," ಎಂದ ಮೈದುನ. "ಮಾತಾಡೋಕೆ ಕಷ್ಟ ಇಲ್ಲ." ಪೆನ್ನನ್ನು ಅವನ ಜೇಬಿಗೆ ತಾನೇ ಸಿಕ್ಕಿಸಿದ.

ಹನ್ನೊಂದು ಗಾಡಿ ಟೈ ಮೇಲೆ ಹಾರಿದ. "ಹಸಿರು ಹಾಳೆ ಕೊಟ್ಟೆ ಅಂದ್ರೆ ನನ್ನ ಹನ್ನೊಂದು ಗಾಡೀನೂ ಬೇರೆ ಕಂಪನಿಗೆ ತಗೊಂಡು ಹೋಗ್ತೀನಿ!"

ನಾದಿನಿ ಕುರ್ಚಿಯಿಂದ ಕತ್ತು ಚಾಚಿದಳು. "ಟೈ ಸಾರ್, ಆ ಹನ್ನೊಂದು ಗಾಡಿ ಒಳಗೆ ನೀವು ಯಾವತ್ತಾದ್ರೂ ಹೋಗಿ ಫೋಟೋ ತೆಗೆದಿದೀರಾ?"

ಟೈನ ಕೈ ಟೈ ಹುಡುಕಿತು. ಅದು ಇನ್ನೂ ಬೆನ್ನ ಮೇಲೇ ಇತ್ತು. ಹನ್ನೊಂದು ಗಾಡಿ ಅವನನ್ನು ನೋಡಿದ, ಅವನು ಹನ್ನೊಂದು ಗಾಡಿಯನ್ನು ನೋಡಿದ. ಇಬ್ಬರೂ ದೊಡ್ಡ ಆಫೀಸಿಗೆ ಹೋದ ನಲವತ್ತೆರಡು ಫೋಟೋಗಳನ್ನು ನೆನೆದರೆಂದು ಕಾಣುತ್ತದೆ. ಟೈ ಬಗ್ಗಿ, ಮೇಜಿನ ಮೇಲಿದ್ದ ಆ ಕಾಲನ್ನು ಇನ್ನೊಮ್ಮೆ ನೋಡಿ, ಹಸಿರು ಹಾಳೆ ಎಳೆದುಕೊಂಡ. "ಹಿಂದೆ ಎರಡು ತಲೆ ಅಲ್ವಾ?" ಎಂದು ಮೆಲ್ಲಗೆ ಕೇಳಿದ. ಅವನು ಒಳ್ಳೆಯವನಾದನೆಂದು ನಾನು ಹೇಳುವುದಿಲ್ಲ. ಸಿಕ್ಕಿಬಿದ್ದಿದ್ದ. ನಮಗೆ ಅಷ್ಟು ಸಾಕು. ಮಷೀನು ಗರ್ ಎಂದು ಕಾಗದ ಉಗುಳಲು ಶುರು ಮಾಡಿತು.

ಆಗ ಬಾಗಿಲ ಹತ್ತಿರ ತಾತ ಕೆಮ್ಮಿದ.

"ಏನಮ್ಮ, ನಮ್ಮ ಗಾಡಿ ಕಾಗದ ತಂದ್ರೆ ಓದ್ತೀಯಾ?"

"ಓದ್ತೀನಿ ತಾತ."

"ಏಯ್, ಅದ್ರಲ್ಲಿ ಓದೋಕೇನಿದೆ?" ಎಂದ ಹನ್ನೊಂದು ಗಾಡಿ.

"ನಾನಿದೀನಾ ಅಂತ," ಎಂದ ತಾತ.

ಕೈಯಲ್ಲಿದ್ದ ಚರ್ಮದ ಬ್ಯಾಗನ್ನು ಖಾಲಿ ಇದ್ದ ಕುರ್ಚಿಯ ಮೇಲೆ ಇಟ್ಟ, ಪೇಪರ್ ಹಾಸಿದ್ದ ಕುರ್ಚಿ. ಬ್ಯಾಗು ನೆಟ್ಟಗೆ ಕೂರುವ ಹಾಗೆ ಸರಿ ಮಾಡಿದ. "ಈಗ ಬಂದೆ," ಎಂದು ಗಾಜಿನ ಬಾಗಿಲು ತಳ್ಳಿಕೊಂಡು ಹೋದ.

ಕಾಗದ ಪೂರ್ತಿ ಬಂತು. ಟೈ ಮೊಹರು ಒತ್ತಿದ. ನಾನು ನಿಂತಲ್ಲೇ ಮೊದಲಿಂದ ಕೊನೆವರೆಗೆ ಓದಿದೆ. ಹಿಂದೆ ಎರಡು ತಲೆ, ಹೆಸರು ಸಮೇತ. ಓದಿ ಮುಗಿಸುವಷ್ಟರಲ್ಲಿ ಮೈದುನ ಬೂಟು ಹಾಕಿಕೊಂಡಿದ್ದ. ತಾತ ಬರಲಿಲ್ಲ. ಹನ್ನೊಂದು ಗಾಡಿ ಗಡಿಯಾರ ನೋಡಿದ. ಬಾಗಿಲು ನೋಡಿದ. ತನ್ನ ಬ್ಯಾಗು ನೋಡಿದ. ಅದನ್ನು ತಾನೇ ಎತ್ತಿಕೊಳ್ಳುವುದು ಹೇಗೆ ಎಂದು ಅವನಿಗೆ ತಿಳಿದ ಹಾಗೆ ಕಾಣಲಿಲ್ಲ.

ಕೆಳಗಿಳಿದೆವು. ಹನ್ನೊಂದು ಗಾಡಿಯ ವ್ಯಾನು ರಸ್ತೆಯ ಆಚೆ ನಿಂತಿತ್ತು. ಹತ್ತಿರ ಯಾರೂ ಇರಲಿಲ್ಲ. ನಾದಿನಿ, ಮೈದುನ ಅಭ್ಯಾಸದಂತೆ ನಮ್ಮ ವ್ಯಾನಿನ ಹಿಂದಕ್ಕೆ ಹೋದರು. ಸರಪಳಿ ಬಿಗಿಯುವ ಸದ್ದು, ಬೆಲ್ಟಿನ ಸದ್ದು ಕೇಳಿಸಿತು. ನಾನು ಮುಂದಿನ ಬಾಗಿಲು ತೆಗೆದೆ.

ನನ್ನ ಪಕ್ಕದ ಸೀಟಿನಲ್ಲಿ ತಾತ ಕೂತಿದ್ದ. ಎ‍ರಡೂ ಕೈ ಮಂಡಿಯ ಮೇಲೆ. ಫೋಟೋ ತೆಗೆಸಿಕೊಳ್ಳುವವನ ಹಾಗೆ.

"ಕಾಗದ ತರ್ತೀನಿ ಅಂದ್ಯಲ್ಲ ತಾತ?"

"ತಂದು ಏನ್ ಮಾಡ್ಲಿ? ಇರಲ್ಲ ನಾನು ಅದ್ರಲ್ಲಿ." ಸೀಟನ್ನು ಒಂದು ಸಲ ಒತ್ತಿ ನೋಡಿದ. "ಇದಕ್ಕೆ ವಿಮೆ ಇದೆ ತಾನೇ?"

"ಅದಕ್ಕೆ ಯಾವಾಗ್ಲೂ ಇತ್ತು."

"ನಾರುತ್ತಾ?"

ಮೂಗು ಏರಿಸಿ ನೋಡಿದೆ. "ಇಲ್ಲ."

ಮೇಲಿನ ಕಿಟಕಿ ತೆರೆಯಿತು. "ಏಯ್ ಮುದುಕಾ! ಬ್ಯಾಗು!" ಎಂದು ಹನ್ನೊಂದು ಗಾಡಿ ಕೂಗಿದ. ತಾತ ಬೆಲ್ಟನ್ನು ಎಳೆದು ಕಟ್ಟಿಕೊಂಡ. ಅದನ್ನು ಕಟ್ಟುವುದು ಅವನಿಗೆ ಗೊತ್ತಿರಲಿಲ್ಲ, ನಾನು ತೋರಿಸಿದೆ.

ಹಿಂದಿನಿಂದ ತಗಡಿಗೆ ಎರಡು ಬಡಿತ ಬಂತು.